ತುರ್ತು: ಸಿಟ್ರಸ್, ಆಂಟಿಆಕ್ಸಿಡೆಂಟ್ – ಫ್ಲೆಕ್ಸಿಗೆ ಕನ್ನಡ ಪದ ಬೇಕು

ಸಾಗರದಿಂದ:

ಎಲ್ಲರಿಗೂ ನಮಸ್ಕಾರ. ಈ ಶನಿವಾರ ನಮ್ಮೂರಿನ ಹಣ್ಣಿನ ಮೇಳದಲ್ಲಿ ನಮ್ಮ ಮಹಿಳಾ ಸಂಘದ್ದೂ ಒಂದು ಟೇಬಲ್ ಇದೆ. ಅಂಗಡಿಯಲ್ಲಿ ಸಿಗದ, ಹಿತ್ತಲಲ್ಲಿ ಬಿದ್ದು ಕೊಳೆಯುವ ಹಣ್ಣುಗಳನ್ನೇ ಇಡುತ್ತಿದ್ದೇವೆ: ಹೇರಳೆ, ಮಾದಲ, ಚಕ್ಕೋತ, ಕಂಚಿ, ಗಜನಿಂಬೆ. ಮೇಲೆ ಒಂದು ಫ್ಲೆಕ್ಸ್ ಹಾಕಬೇಕು. ನಾಳೆ ಸಂಜೆ ಐದರೊಳಗೆ ಬರಹ ಕೊಡಿ ಅಂತ ಪ್ರಿಂಟಿನವರು ಹೇಳಿದ್ದಾರೆ.

ಎರಡು ಪದ ಬೇಕು. ಒಂದು, ಸಿಟ್ರಸ್. "ನಿಂಬೆ ಜಾತಿ" ಅಂತ ಬರೆದರೆ ತಲೆಗಾತ್ರದ ಚಕ್ಕೋತ ನೋಡಿದವರು ಇದೆಲ್ಲಿ ನಿಂಬೆ ಅಂತ ಕೇಳುತ್ತಾರೆ. "ಹುಳಿಹಣ್ಣು" ಅಂದರೆ ಪುನರ್ಪುಳಿ, ಹುಣಸೆ ಎಲ್ಲವೂ ಬಂದುಬಿಡುತ್ತವೆ. ಎರಡನೆಯದು, ಆಂಟಿಆಕ್ಸಿಡೆಂಟ್. ಹೋದ ವರ್ಷ "ರೋಗನಿರೋಧಕ" ಅಂತ ಹಾಕಿದ್ದೆವು. ಹಿರಿಯರೊಬ್ಬರು ಬಂದು, "ಹಾಗಾದ್ರೆ ಇದು ತಿಂದರೆ ಜ್ವರ ಬರಲ್ವಾ ತಂಗಿ" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ, ನಾಚಿಕೆಯಾಯಿತು. ಪಠ್ಯಪುಸ್ತಕದ "ಉತ್ಕರ್ಷಣ ನಿರೋಧಕ"ವನ್ನು ಮೇಳದಲ್ಲಿ ಯಾರೂ ನಿಂತು ಓದುವುದಿಲ್ಲ.

ಮೈಸೂರಿನಿಂದ:

ಸಿಟ್ರಸ್‌ಗೆ ಕನ್ನಡದಲ್ಲಿ ಪದ ಇದೆ. ಸಾವಿರ ವರ್ಷದಿಂದ ನಮ್ಮ ಬಾಯಲ್ಲೇ ಇದೆ, ನಾವು ಗುರುತಿಸುತ್ತಿಲ್ಲ ಅಷ್ಟೆ. ಅದು ಈಳೆ.

ಬಿಡಿಸಿ ನೋಡಿ. ಪೇರ್ ಅಂದರೆ ದೊಡ್ಡದು. ಪೇರಡವಿ ಹೇರಡವಿ ಆದ ಹಾಗೆ ಪೇರ್+ಈಳೆ ಹೇರಿಳೆ, ಆಮೇಲೆ ಹೇರಳೆ. ಇನ್ನು ಹಳಗನ್ನಡದ ಕಿಱು, ಅಂದರೆ ಚಿಕ್ಕದು, ಸ್ವರದ ಮುಂದೆ ಕಿತ್ತ್ ಆಗುತ್ತದೆ, ಕಿತ್ತಡಿ (ಕಿಱು+ಅಡಿ) ನೆನಪಿಸಿಕೊಳ್ಳಿ. ಹಾಗೆ ಕಿತ್ತೀಳೆ, ಕಿತ್ತಿಳೆ, ಕಿತ್ತಳೆ. ದೊಡ್ಡ ಈಳೆ ಹೇರಳೆ, ಚಿಕ್ಕ ಈಳೆ ಕಿತ್ತಳೆ. ಹಾಸನ, ತುಮಕೂರಿನ ಕಡೆ ಚಿತ್ರಾನ್ನಕ್ಕೆ ಹಿಂಡುವ ಇಳ್ಳಿಕಾಯಿ ಅಥವಾ ಎಳ್ಳಿಕಾಯಿಯೂ ಇದೇ ಈಳೆ ಅಂತ ನಾನು ಓದಿಕೊಳ್ಳುತ್ತೇನೆ. ನಿಮ್ಮ ಮಲೆನಾಡಿನ ದೊಡ್ಲಿಕಾಯಿಯಲ್ಲೂ ನನಗೆ "ದೊಡ್ಡ ಇಳ್ಳಿ"ಯೇ ಕೇಳಿಸುತ್ತದೆ. ಒಂದು ಕುಲದ ಹೆಸರು, ಅದಕ್ಕೆ ಗಾತ್ರದ ವಿಶೇಷಣ. ಸಸ್ಯಶಾಸ್ತ್ರ ಇದಕ್ಕಿಂತ ಬೇರೆ ಏನು ಮಾಡುತ್ತದೆ?

"ಈಳೆ ಬಳಗದ ಹಣ್ಣುಗಳು" ಅಂತ ಬರೆಯಿರಿ. ಎರಡನೆಯ ಪದದ ಬಗ್ಗೆ ಬೇರೆಯವರು ಹೇಳಲಿ.

ಬೆಂಗಳೂರಿನಿಂದ:

> "ಈಳೆ ಬಳಗದ ಹಣ್ಣುಗಳು" ಅಂತ ಬರೆಯಿರಿ.

ಬೇಡ. ಮೇಳಕ್ಕೆ ಬರುವವರಲ್ಲಿ ನೂರಕ್ಕೆ ನೂರು ಜನ ಈಳಿಗೆ ಮಣೆ ಅಂದುಕೊಳ್ಳುತ್ತಾರೆ. ಸಿಟ್ರಸ್ ಅಂತಲೇ ಬರೆಯಿರಿ, ಆಂಟಿಆಕ್ಸಿಡೆಂಟ್ ಅಂತಲೇ ಬರೆಯಿರಿ. ಬಸ್ಸು, ಟಿಕೆಟ್ಟು, ಫ್ಲೆಕ್ಸು ಎಲ್ಲಾ ಒಪ್ಪಿಕೊಂಡ ಭಾಷೆಗೆ ಇವೆರಡು ಭಾರವಲ್ಲ.

ಧಾರವಾಡದಿಂದ:

ಎಲ್ಲಾ ಒಪ್ಪಿಕೊಂಡಿದ್ದೇವೆ ಅನ್ನುವುದೇ ಇನ್ನಷ್ಟು ಒಪ್ಪಿಕೊಳ್ಳಲು ಕಾರಣ ಅಂದರೆ ಇನ್ನು ಪದಚರ್ಚೆ ಯಾಕೆ ಬೇಕು?

ಆಂಟಿಆಕ್ಸಿಡೆಂಟಿಗೆ "ತುಕ್ಕುತಡೆ" ಅನ್ನಿ. ಕಬ್ಬಿಣ ಗಾಳಿಗೆ ತುಕ್ಕು ಹಿಡಿಯುತ್ತದೆ, ಸೇಬು ಕೊಯ್ದಿಟ್ಟರೆ ಕಂದಾಗುತ್ತದೆ, ಹಳೆ ಎಣ್ಣೆ ಕಮಟು ನಾತ ಬರುತ್ತದೆ. ಮೂರೂ ಒಂದೇ ಕೆಲಸ, ಗಾಳಿಯ ಆಮ್ಲಜನಕ ತಗಲಿ ಕೆಡುವುದು. ಅದನ್ನು ತಡೆಯುವ ವಸ್ತುವೇ ಆಂಟಿಆಕ್ಸಿಡೆಂಟ್. ಅಚ್ಚಕನ್ನಡ, ನಾಲ್ಕೇ ಅಕ್ಷರ, ಮಕ್ಕಳಿಗೂ ತಿಳಿಯುತ್ತದೆ. ಸಂಸ್ಕೃತದಿಂದ "ಉತ್ಕರ್ಷಣ" ಎತ್ತಿಕೊಂಡು ಬಂದವರಿಗೆ ಜನ ನೆನಪಾಗಲೇ ಇಲ್ಲ.

ಮಂಗಳೂರಿನಿಂದ:

ತುಕ್ಕುತಡೆ ಬಣ್ಣದ ಡಬ್ಬಿಯ ಮೇಲೆ ಬರೆಯುವ ಮಾತು. ತಿನ್ನುವ ಹಣ್ಣಿನ ಮೇಲೆ ಬೇಡ.

ನಾನು ರಸಾಯನಶಾಸ್ತ್ರ ಪಾಠ ಮಾಡಿದವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಹುಳಿಗೂ ಈ ಪದಕ್ಕೂ ಹಳೆಯ ನಂಟು ಇದೆ. ಆಕ್ಸಿಜನ್ ಅನ್ನುವ ಹೆಸರಿನಲ್ಲಿರುವ ಗ್ರೀಕ್ ಮಾತಿಗೆ ಚೂಪು, ಹುಳಿ ಅಂತ ಅರ್ಥ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಅಂತ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವಾಸಿಯೇ ನಂಬಿದ್ದ, ಅದಕ್ಕೇ "ಹುಳಿ ಹುಟ್ಟಿಸುವುದು" ಅಂತ ಹೆಸರಿಟ್ಟ. ನಂಬಿಕೆ ತಪ್ಪಾಯಿತು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ನಾವು ಆ ತಪ್ಪನ್ನೇ ಅನುವಾದಿಸಿ "ಆಮ್ಲಜನಕ" ಮಾಡಿಕೊಂಡೆವು. ಇನ್ನು ಆಂಟಿಆಕ್ಸಿಡೆಂಟನ್ನು ಯಾರಾದರೂ "ಆಮ್ಲಜನಕ ವಿರೋಧಿ" ಮಾಡಿದರೆ, ಹುಳಿಹಣ್ಣಿನಲ್ಲಿ ಹುಳಿಯ ವಿರೋಧಿ ಇದೆ ಅಂದ ಹಾಗಾಗುತ್ತದೆ. ದಯವಿಟ್ಟು ಅದೊಂದು ಬೇಡ.

ಪದಕ್ಕಿಂತ ಮುಖ್ಯ, ಬೋರ್ಡಿನಲ್ಲಿ ಏನು ಹೇಳುತ್ತೀರಿ ಅನ್ನುವುದು. ಚಕ್ಕೋತದ 100 ಗ್ರಾಂ ತೊಳೆಯಲ್ಲಿ ಸುಮಾರು 60 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ಸ್ವಲ್ಪ ಜಾಸ್ತಿಯೇ. ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದದ್ದರಲ್ಲಿ ಮುಕ್ಕಾಲಿನ ಹತ್ತಿರ ಅದರಲ್ಲೇ ಬರುತ್ತದೆ. ಚಕ್ಕೋತದ ಕಹಿ ನರಿಂಜಿನ್‌ನಿಂದ. ಕಿತ್ತಳೆ, ಮಾದಲಗಳಲ್ಲಿ ಹೆಸ್ಪೆರಿಡಿನ್ ಇದೆ. ಈ ಎರಡು ವಸ್ತುಗಳೂ ಆಂಟಿಆಕ್ಸಿಡೆಂಟ್ ಬಗೆಯವೇ, ರಸಕ್ಕಿಂತ ಸಿಪ್ಪೆಯಲ್ಲಿ, ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ ಜಾಸ್ತಿ. ತೊಳೆ ಕೆಂಪಗಿರುವ ಚಕ್ಕೋತದಲ್ಲಿ ಟೊಮೆಟೊದಲ್ಲಿರುವ ಲೈಕೊಪೀನ್ ಇರುತ್ತದೆ. ಹಾಗಾಗಿ ಹೇರಳೆಯನ್ನು ಸಿಪ್ಪೆ ಸಮೇತ ಉಪ್ಪಿನಕಾಯಿ ಹಾಕುವ ನಮ್ಮ ಪದ್ಧತಿಯಲ್ಲಿ ಒಂದು ಒಳ್ಳೆಯ ಅಂಶ ಇದೆ. ಆದರೆ ಉಪ್ಪು ತುಂಬಾ, ಅದನ್ನೂ ಹೇಳಿ. ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ, ಗೊಜ್ಜು ಕುದಿಸಿದಷ್ಟೂ ಹೋಗುತ್ತದೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ರಸ ಹಿಂಡಿ ಅನ್ನುವ ಅಜ್ಜಿಯಂದಿರ ಮಾತು ಸರಿ.

"ಇಷ್ಟು ಆಂಟಿಆಕ್ಸಿಡೆಂಟ್ ಇದೆ, ಆದ್ದರಿಂದ ಕ್ಯಾನ್ಸರ್ ಬರಲ್ಲ" ಅಂತ ಮಾತ್ರ ಬರೆಯಬೇಡಿ. ಪರೀಕ್ಷಾ ನಳಿಕೆಯಲ್ಲಿ ಅಳೆದ ಶಕ್ತಿ ಮೈಯೊಳಗೆ ಹಾಗೆಯೇ ಕೆಲಸ ಮಾಡುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಅಂಥ ಅಂಕಿಗಳ ಪಟ್ಟಿಯನ್ನೇ 2012ರಲ್ಲಿ ತೆಗೆದುಹಾಕಿತು, ಕಂಪನಿಗಳು ಅದನ್ನು ಜಾಹೀರಾತಿಗೆ ಬಳಸುತ್ತಿದ್ದವು ಅಂತ. ಖಚಿತವಾಗಿ ಹೇಳಬಹುದಾದದ್ದು ಇದು: ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇಷ್ಟಿರುವ ಕಡೆ ಇದು ದೊಡ್ಡ ಮಾತು.

ಮತ್ತೊಂದು ಸಾಲು ಮರೆಯಬೇಡಿ. ಕೊಲೆಸ್ಟರಾಲ್‌ಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಚಕ್ಕೋತ ಸರಿಹೋಗುವುದಿಲ್ಲ. ನಿತ್ಯ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳಿ ತಿನ್ನಲಿ.

ಕುಮಟೆಯಿಂದ:

ಮೈಸೂರಿನ ಮೇಷ್ಟ್ರಿಗೆ ಒಂದು ಪ್ರಶ್ನೆ. ಈಳೆ ಕುಲದ ಹೆಸರಾದರೆ ಮಾದಲ ಏಕೆ ಈಳೆ ಆಗಲಿಲ್ಲ? ಚಕ್ಕೋತ ಏಕೆ ಆಗಲಿಲ್ಲ? ಲ್ಯಾಟಿನಿನಲ್ಲಿ ಸಿಟ್ರಸ್ ಅಂದರೆ ಮಾದಲವೇ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಮಾದಲಕ್ಕೆ ಸಿಟ್ರಸ್ ಮೆಡಿಕಾ ಅಂತ ಹೆಸರಿಟ್ಟ. ಆ ಮೆಡಿಕಾ ಔಷಧವಲ್ಲ, ಇರಾನಿನ ಮೀಡಿಯಾ ನಾಡು. ವಂಶದಲ್ಲೂ ಮಾದಲ ಮೂಲ ಹಿರಿಯರಲ್ಲಿ ಒಂದು, ಚಕ್ಕೋತವೂ ಹಾಗೆಯೇ. ನಿಂಬೆ ಹುಟ್ಟಿದ್ದೇ ಮಾದಲದ ಬೆರಕೆಯಿಂದ. ಕಿತ್ತಳೆ, ಮೂಸಂಬಿಗಳಲ್ಲಿ ಚಕ್ಕೋತದ ರಕ್ತ ಇದೆ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಹಣ್ಣು ಮಾದಲ. ನಾವು ಕೊಂಕಣಿಯಲ್ಲಿ ಮಾವಳಿಂಗ ಅನ್ನುತ್ತೇವೆ. ಹಾಗಿದ್ದ ಮೇಲೆ "ಮಾದಲ ಬಳಗ" ಯಾಕಾಗಬಾರದು?

ಇನ್ನು, ಹೇರಳೆ ಅಂತ ಬೆಂಗಳೂರಿನಲ್ಲಿ ಮಾರುವುದನ್ನೇ ಕೆಲವರು ಮಾದಲ ಅನ್ನುತ್ತಾರೆ, ಒಂದೂರಿನ ಕಂಚಿ ಇನ್ನೊಂದೂರಿನ ಗಜನಿಂಬೆ. ಸಾಗರದವರು ಹೆಸರಿನ ಚೀಟಿ ಅಂಟಿಸುವ ಮುಂಚೆ ಹಣ್ಣು ಕೊಯ್ದು ನೋಡಲಿ. ಒಳಗೆ ಅಂಗೈ ದಪ್ಪ ಬಿಳಿ, ನಡುವೆ ಸ್ವಲ್ಪವೇ ತೊಳೆ ಇದ್ದರೆ ಮಾದಲ.

ಮೈಸೂರಿನಿಂದ:

ಮಾದಲ ಸಂಸ್ಕೃತದ ಮಾತುಲುಂಗಕ್ಕೆ ಸೇರಿದ್ದು. ಚಕ್ಕೋತ ಹಿಂದಿಯ ಚಕೋತ್ರಾ. ಮೂಸಂಬಿ ಮೊಸಾಂಬಿಕ್. ಹೊರಗಿನಿಂದ ಬಂದ ಹಣ್ಣು ಹೊರಗಿನ ಹೆಸರು ತಂದಿತು, ಅದಕ್ಕೇ ಅವು ಈಳೆ ಆಗಲಿಲ್ಲ. ಇದು ನನ್ನ ವಾದಕ್ಕೆ ಬಲವೇ ಹೊರತು ಅಡ್ಡಿ ಅಲ್ಲ.

ಬೆಂಗಳೂರಿನಿಂದ:

ಬಲವಲ್ಲ. ಸಾಗರದವರ ಟೇಬಲ್ ಮೇಲೆ ಎರವಲು ಹೆಸರಿನ ಹಣ್ಣುಗಳೂ ಇವೆ, ಅವನ್ನು ಕನ್ನಡದವು ಅಂತಲೇ ಎಲ್ಲರೂ ತಿನ್ನುತ್ತಾರೆ. ನಾವು ಕೊಟ್ಟಿದ್ದೂ ಇದೆ. ಕಿತ್ತಳೆ ಅನ್ನುವ ಅರ್ಥದ ನಾರಂಗ ದ್ರಾವಿಡ ಮಾತಿನಿಂದ ಸಂಸ್ಕೃತಕ್ಕೆ ಹೋಗಿ, ಪಾರಸಿ, ಅರಬ್ಬಿ, ಫ್ರೆಂಚ್ ದಾಟಿ ಇಂಗ್ಲಿಷಿನ ಆರೆಂಜ್ ಆಯಿತು. ದಾರಿಯಲ್ಲಿ ಯಾರೂ ತಡೆದು, ಇದು ನಮ್ಮ ಪದವಲ್ಲ ಹಿಂದಿರುಗು ಅನ್ನಲಿಲ್ಲ. ನಿಮಗೆ ಮಾತ್ರ ಯಾಕೆ ಬಾಗಿಲು ಹಾಕುವ ಆಸೆ?

ಧಾರವಾಡದಿಂದ:

ಬಾಗಿಲು ಹಾಕುವ ಆಸೆ ಅಲ್ಲ. ಮನೆಯಲ್ಲಿ ಇರುವುದನ್ನು ಮೊದಲು ಹುಡುಕಿ ಅನ್ನುತ್ತಿದ್ದೇವೆ. ಅವರೆಲ್ಲ ಬಾಯಿಂದ ಬಾಯಿಗೆ ತೆಗೆದುಕೊಂಡರು, ತಮ್ಮ ನಾಲಿಗೆಗೆ ಬಗ್ಗಿಸಿಕೊಂಡರು. ಆಂಟಿಆಕ್ಸಿಡೆಂಟ್ ಹಾಗೆ ಬಗ್ಗಿಲ್ಲ. ನಮ್ಮ ತಾಯಿ ಅದನ್ನು ಹೇಳಲಾರರು. ಹೇಳಲಾಗದ ಪದ ಬೋರ್ಡಿನಲ್ಲಿದ್ದರೆ ಅವರು ಪಕ್ಕದ ಟೇಬಲ್‌ಗೆ ಹೋಗುತ್ತಾರೆ. ಅದು ನನಗೆ ನೋವಿನ ವಿಷಯ.

ಸಾಗರದಿಂದ:

ಎಲ್ಲರೂ ಒಂದು ನಿಮಿಷ. ನಿನ್ನೆ ರಾತ್ರಿ ಪೂರ್ತಿ ಓದಿದೆ. ಬೆಳಿಗ್ಗೆ ಬಾಳೆದಿಂಡು ಹೆಚ್ಚುತ್ತಾ ನನಗೊಂದು ದಾರಿ ಕಂಡಿತು. ಹೆಚ್ಚಿದ್ದನ್ನು ಮಜ್ಜಿಗೆ ನೀರಿಗೆ ಹಾಕುತ್ತೇವೆ, ಇಲ್ಲದಿದ್ದರೆ ನಿಂಬೆ ಹಿಂಡುತ್ತೇವೆ. ಯಾಕೆ ಅಂದರೆ "ಕಪ್ಪಾಗಬಾರದು ಅಂತ" ಅನ್ನುತ್ತೇವೆ. ಮಂಗಳೂರಿನ ಮೇಡಂ, ಅದೂ ಇದೇ ಕೆಲಸ ಅಲ್ವಾ?

ಮಂಗಳೂರಿನಿಂದ:

ಹೌದು. ನಿಂಬೆ ಹಿಂಡಿದಾಗ ಎರಡು ಕೆಲಸ ನಡೆಯುತ್ತದೆ. ಹುಳಿ ಕಪ್ಪು ಮಾಡುವ ಕಿಣ್ವವನ್ನು ತಡೆಯುತ್ತದೆ, ವಿಟಮಿನ್ ಸಿ ಆಂಟಿಆಕ್ಸಿಡೆಂಟಾಗಿ ದುಡಿಯುತ್ತದೆ. ಮಜ್ಜಿಗೆಯದು ಮುಖ್ಯವಾಗಿ ಹುಳಿಯ ಕೆಲಸ. ಟೇಬಲ್ ಮೇಲೆ ಸೇಬಿನ ಎರಡು ಹೋಳು ಇಡಿ, ಒಂದಕ್ಕೆ ಹೇರಳೆ ರಸ ಸವರಿ. ಅರ್ಧ ಗಂಟೆಯಲ್ಲಿ ಕಾಣುತ್ತದೆ.

ಸಾಗರದಿಂದ:

ಹಾಗೇ ಮಾಡುತ್ತೇನೆ. ಪ್ರಿಂಟಿಗೆ ಕಳಿಸಿದ್ದು ಇದು:

"ಹೇರಳೆ, ಮಾದಲ, ಚಕ್ಕೋತ, ಕಂಚಿ, ಗಜನಿಂಬೆ: ನಮ್ಮ ಹಿತ್ತಲ ಈಳೆ ಬಳಗ (ಸಿಟ್ರಸ್ ಹಣ್ಣುಗಳು). ಕೊಯ್ದ ಸೇಬು ಕಪ್ಪಾಗದಂತೆ ತಡೆಯುವ ಗುಣ ಇವುಗಳಲ್ಲಿದೆ. ಹಾಗೆ ತಡೆಯುವ ವಿಟಮಿನ್ ಸಿಯಂಥ ವಸ್ತುಗಳಿಗೆ ಆಂಟಿಆಕ್ಸಿಡೆಂಟ್ ಅನ್ನುತ್ತಾರೆ. ಸೊಪ್ಪಿನ ಪಲ್ಯಕ್ಕೆ ಒಲೆ ಆರಿಸಿದ ಮೇಲೆ ಹಿಂಡಿ, ಕಬ್ಬಿಣಾಂಶ ಮೈಗೆ ಹತ್ತುತ್ತದೆ. ನಿತ್ಯ ಮಾತ್ರೆ ತಗೊಳ್ಳುವವರು ಚಕ್ಕೋತದ ಬಗ್ಗೆ ವೈದ್ಯರನ್ನು ಕೇಳಿ."

ಧಾರವಾಡದ ಸರ್, ತುಕ್ಕುತಡೆ ಹಾಕಲಿಲ್ಲ, ಕ್ಷಮಿಸಿ. ನಿಮ್ಮ ತಾಯಿಯವರಿಗೆ ಮೇಲಿನ ಸಾಲುಗಳನ್ನು ಓದಿ ಹೇಳಿ, ಎಲ್ಲಿ ತೊಡಕಾಯಿತು ಅಂತ ಬರೆಯಿರಿ. ಐದು ಗಂಟೆವರೆಗೆ ತಿದ್ದಬಹುದು.

ಮೈಸೂರಿನಿಂದ:

ಆವರಣದಲ್ಲಿ ಸಿಟ್ರಸ್ ಬೇಡ.

ಬೆಂಗಳೂರಿನಿಂದ:

ಆವರಣದಲ್ಲಿ ಈಳೆ ಹಾಕಿ, ಸಿಟ್ರಸ್ ಹೊರಗೆ ಬರಲಿ.

ಧಾರವಾಡದಿಂದ:

ತಾಯಿಗೆ ಓದಿ ಹೇಳಿದೆ. ಈಳೆ ಅಂದಾಗ ತಡೆದರು. ಕಪ್ಪಾಗದಂತೆ ಅಂದಾಗ ತಲೆಯಾಡಿಸಿದರು. "ಕಬ್ಬಿಣಾಂಶ" ಬೇಡ, "ರಕ್ತ ಆಗುತ್ತದೆ" ಅಂತ ಬರೆಯಲು ಹೇಳು ಅಂದರು.