ವಿಪಿಎನ್ ಆನ್ ಇದ್ದರೆ ಟಿವಿಯಲ್ಲಿ ಏನೂ ಓಡುತ್ತಿಲ್ಲ. ಚಂದಾ ಕಟ್ಟಿದವರಿಗೂ ಯಾಕೆ ಈ ತಡೆ?

ಸಂಜೆಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಕೆಲಸ ಮಾಡುವವಳು. ವಿಪಿಎನ್ ಅನ್ನು (ನಮ್ಮ ಇಂಟರ್‌ನೆಟ್ ಓಡಾಟವನ್ನು ಗುಪ್ತವಾಗಿ ಬೇರೊಂದು ಸರ್ವರ್ ಮೂಲಕ ಕಳಿಸುವ ಸೇವೆ) ರೌಟರ್‌ನಲ್ಲೇ ಹಾಕಿಟ್ಟಿದ್ದೇನೆ. ಹಾಗಾಗಿ ಲ್ಯಾಪ್‌ಟಾಪು, ಫೋನು, ಟಿವಿ ಎಲ್ಲವೂ ಅದರ ಮೂಲಕವೇ ಹೊರಗೆ ಹೋಗುತ್ತವೆ. ನಾನು ದಿನವಿಡೀ ಯಾವ್ಯಾವ ಸೈಟಿಗೆ ಹೋದೆ ಎಂಬ ಲೆಕ್ಕ ಇಂಟರ್‌ನೆಟ್ ಕಂಪನಿಯ ಕೈಗೆ ಸಿಗುವುದು ನನಗೆ ಇಷ್ಟವಿಲ್ಲ, ಅದಕ್ಕೇ ಹಾಕಿಸಿದ್ದು. ಬೇರೆ ದೇಶದ ಸಿನಿಮಾ ನೋಡುವ ಆಸೆಯೂ ಇಲ್ಲ. ವಿಪಿಎನ್‌ನಲ್ಲಿ ನಮ್ಮ ದೇಶದ ಸರ್ವರನ್ನೇ ಆರಿಸಿಕೊಂಡಿದ್ದೇನೆ.

ಇಷ್ಟು ದಿನ ಎಲ್ಲ ಸರಿಯಿತ್ತು. ಈಗ ನಾವು ಚಂದಾ ಕಟ್ಟುತ್ತಿರುವ ಒಂದು ಸ್ಟ್ರೀಮಿಂಗ್ ಸೇವೆ ತಕರಾರು ಶುರು ಮಾಡಿದೆ. ಅಮ್ಮ ಅರ್ಧಕ್ಕೆ ನಿಲ್ಲಿಸಿದ್ದ ಸರಣಿಯ ಮುಂದಿನ ಕಂತು ಒತ್ತಿದರೆ, ನೀವು ಪ್ರಾಕ್ಸಿ (ವಿಪಿಎನ್‌ನಂಥ ನಡುವಿನ ಸರ್ವರ್) ಬಳಸುತ್ತಿರುವಂತಿದೆ, ಆಫ್ ಮಾಡಿ ಮತ್ತೆ ಪ್ರಯತ್ನಿಸಿ ಎಂದು ಬರುತ್ತದೆ. ಸಹಾಯವಾಣಿಗೆ ಬರೆದರೆ ವಿಪಿಎನ್ ಆಫ್ ಮಾಡಿ ಎಂಬ ಒಂದೇ ಉತ್ತರ. ಅಮ್ಮನಿಗೆ ಇದೆಲ್ಲ ಬೇಡ, ಅವರ ಕಂತು ಬಂದರೆ ಸಾಕು.

ನಾನು ವಿಪಿಎನ್‌ನಲ್ಲಿದ್ದೇನೆ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಎನ್‌ಕ್ರಿಪ್ಶನ್ ಒಡೆದು ನೋಡುತ್ತಿದ್ದಾರಾ? ಅದೇ ದೇಶದ ಸರ್ವರ್ ಇದ್ದರೂ ತಡೆಯುವುದು ಯಾಕೆ? ವಿಪಿಎನ್ ಪೂರ್ತಿ ಕಿತ್ತುಹಾಕದೆ ಏನಾದರೂ ದಾರಿ ಇದೆಯಾ?

ಕಿರುದಾರಿ:

ಸರ್ವರ್ ಬದಲಾಯಿಸಿ ನೋಡಿ. ನಾನು ಮಾಡೋದು ಅದನ್ನೇ. ಒಂದು ಸರ್ವರ್ ಕೆಲವು ದಿನ ನಡೆಯುತ್ತೆ, ಅದನ್ನು ಬ್ಲಾಕ್ ಮಾಡಿದರೆ ಇನ್ನೊಂದಕ್ಕೆ ಹೋಗ್ತೀನಿ.

ತಂತಿಕೆಲಸ:

ಮೇಡಂ, ಮೊದಲು ಆ ಭಯ ಬಿಡಿ. ನಿಮ್ಮ ಎನ್‌ಕ್ರಿಪ್ಶನನ್ನು ಯಾರೂ ಒಡೆದಿಲ್ಲ, ಒಡೆಯುವ ಅಗತ್ಯವೂ ಅವರಿಗಿಲ್ಲ. ವಿಪಿಎನ್ ಸುರಂಗ ಇರುವುದು ನಿಮ್ಮ ರೌಟರ್‌ನಿಂದ ವಿಪಿಎನ್ ಕಂಪನಿಯ ಸರ್ವರ್‌ವರೆಗೆ ಮಾತ್ರ. ಅಲ್ಲಿಂದ ಆಚೆ ನೀವು ಯಾರೆಂದು ಸ್ಟ್ರೀಮಿಂಗ್ ಸೇವೆಗೆ ಕಾಣುವುದು ಆ ಸರ್ವರ್‌ನ ಐಪಿ ವಿಳಾಸದ, ಅಂದರೆ ಇಂಟರ್‌ನೆಟ್‌ನಲ್ಲಿ ಅದರ ಗುರುತು ಸಂಖ್ಯೆಯ, ರೂಪದಲ್ಲಿ. ಸಿಕ್ಕಿಬೀಳುತ್ತಿರುವುದು ಆ ವಿಳಾಸ.

ನೆಟ್‌ವರ್ಕ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವ ಐಪಿ ವಿಳಾಸಗಳ ಗುಂಪು ಯಾರ ಹೆಸರಿನಲ್ಲಿದೆ ಎಂಬುದು ಬಹಿರಂಗ ದಾಖಲೆ. ಒಂದು ವಿಳಾಸದ ಎಎಸ್ ಸಂಖ್ಯೆ (ಅದು ಯಾವ ಕಂಪನಿಯ ನೆಟ್‌ವರ್ಕ್‌ಗೆ ಸೇರಿದ್ದು ಎಂದು ಹೇಳುವ ಸಂಖ್ಯೆ) ಹುಡುಕಿದರೆ ಅದು ಮನೆಗಳಿಗೆ ಸಂಪರ್ಕ ಕೊಡುವ ಕಂಪನಿಯದೋ, ಸರ್ವರ್ ಬಾಡಿಗೆಗೆ ಕೊಡುವ ಡೇಟಾ ಸೆಂಟರಿನದೋ ತಿಳಿದುಬಿಡುತ್ತದೆ. ವಿಪಿಎನ್ ಕಂಪನಿಗಳ ಬಹುಪಾಲು ಸರ್ವರ್‌ಗಳು ಇರುವುದು ಬಾಡಿಗೆ ಡೇಟಾ ಸೆಂಟರ್‌ಗಳಲ್ಲಿ. ಸಂಜೆ ಹೊತ್ತು ಅಂಥ ವಿಳಾಸದಿಂದ ಯಾರೋ ಸರಣಿ ನೋಡುತ್ತಿದ್ದಾರೆ ಎಂದರೆ ನಡುವೆ ಒಂದು ಸರ್ವರ್ ಕೂತಿದೆ ಎಂದೇ ಅರ್ಥ. ಇಂಥ ವಿಳಾಸಗಳ ಪಟ್ಟಿಯನ್ನು ಸಿದ್ಧಪಡಿಸಿ ಮಾರುವ ಮ್ಯಾಕ್ಸ್‌ಮೈಂಡ್‌ನಂಥ ಕಂಪನಿಗಳೂ ಇವೆ. ಇದರ ಜೊತೆಗೆ, ಒಂದೇ ವಿಳಾಸದಿಂದ ರಾಶಿ ರಾಶಿ ಬೇರೆ ಬೇರೆ ಖಾತೆಗಳು ಲಾಗಿನ್ ಆಗುತ್ತಿದ್ದರೆ ಅದೂ ಗುರುತು ಕೊಡುತ್ತದೆ. ಕಿರುದಾರಿ ಅವರು ಸರ್ವರ್ ಬದಲಾಯಿಸಿದಾಗ ಕೆಲವು ದಿನ ನಡೆದು ಆಮೇಲೆ ನಿಲ್ಲುವುದು ಇದರಿಂದಲೇ. ಹೊಸ ವಿಳಾಸ ಪಟ್ಟಿ ಸೇರುವವರೆಗಷ್ಟೇ ಅದರ ಆಯಸ್ಸು.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಈ ವಿಳಾಸ ವಿಪಿಎನ್‌ನದು ಎಂದು ಪಟ್ಟಿ ಹೇಳುತ್ತದೆ. ಅದರ ಹಿಂದೆ ಕೂತವರು ಯಾವ ದೇಶದಲ್ಲಿದ್ದಾರೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಎಲ್ಲರನ್ನೂ ಒಟ್ಟಿಗೆ ತಡೆಯುತ್ತಾರೆ. ನನಗೆ ಬೇಸರವಾಗುವುದು ಈ ಜಾಗದಲ್ಲಿ. ಬೇರೆ ದೇಶದ ಸಿನಿಮಾ ಪಟ್ಟಿ ನೋಡಬೇಕು ಎನ್ನುವವರನ್ನು ಹಿಡಿಯಲು ಹೊರಟ ಬಲೆಗೆ, ಖಾಸಗಿತನ ಬೇಕು ಎನ್ನುವ ನಿಮ್ಮಂಥವರು ಬೀಳುತ್ತಾರೆ.

ಇದಕ್ಕೆ ಹಳೆಯ ಉದಾಹರಣೆ ಒಂದಿದೆ. 2016ರ ಜೂನ್ ಹೊತ್ತಿಗೆ ನೆಟ್‌ಫ್ಲಿಕ್ಸ್ ಹರಿಕೇನ್ ಎಲೆಕ್ಟ್ರಿಕ್ ಕಂಪನಿಯ ಉಚಿತ ಐಪಿವಿ6 (ಹಳೆಯ ಐಪಿವಿ4ರ ಬದಲಿಗೆ ಬಂದ ಹೊಸ ವಿಳಾಸ ಪದ್ಧತಿ) ಟನಲ್‌ಗಳನ್ನು ತಡೆಯಿತು. ತಮ್ಮ ಇಂಟರ್‌ನೆಟ್ ಕಂಪನಿ ಇನ್ನೂ ಐಪಿವಿ6 ಕೊಟ್ಟಿಲ್ಲವಲ್ಲ ಎಂದು ಆ ಟನಲ್ ಹಾಕಿಕೊಂಡಿದ್ದ ನೆಟ್‌ವರ್ಕ್ ಆಸಕ್ತರು ಬಹಳ ಮಂದಿ ಇದ್ದರು. ದೇಶ ಮರೆಮಾಚುವ ಉದ್ದೇಶ ಅವರಿಗೆ ಇರಲಿಲ್ಲ. ಆದರೂ ರಾತ್ರೋರಾತ್ರಿ ಅವರ ಪರದೆಯ ಮೇಲೂ ಪ್ರಾಕ್ಸಿ ಬಳಸುತ್ತಿದ್ದೀರಿ ಎಂಬ ಸಂದೇಶ ಬಂತು. ಕೊನೆಗೆ ಅವರು ಏನು ಮಾಡಬೇಕಾಯಿತು ಗೊತ್ತಾ? ಸೈಟಿನ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ತಮ್ಮ ಡಿಎನ್‌ಎಸ್ ಸರ್ವರ್‌ನಲ್ಲಿ ನೆಟ್‌ಫ್ಲಿಕ್ಸ್ ಹೆಸರಿಗೆ ಮಾತ್ರ ಐಪಿವಿ6 ಉತ್ತರ ಬಾರದಂತೆ ಮಾಡಿ, ಆ ಒಂದು ಸೇವೆಗೆ ಹಳೆಯ ಐಪಿವಿ4 ದಾರಿ ಹಿಡಿಯಬೇಕಾಯಿತು. ಹೊಸ ತಂತ್ರಜ್ಞಾನವನ್ನು ಮುಂದಾಗಿ ಅಳವಡಿಸಿಕೊಂಡವರೇ ಅನುಭವಿಸಿದರು.

ವಿಪಿಎನ್ ಇಲ್ಲದವರೂ ಸಿಕ್ಕಿಕೊಳ್ಳುವುದುಂಟು. ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿದುಹೋಗಿದೆ. ಆಮೇಲೆ ವಿಳಾಸಗಳ ಗುಂಪುಗಳು ಕಂಪನಿಯಿಂದ ಕಂಪನಿಗೆ ಮಾರಾಟವಾಗುತ್ತಿವೆ. ನಿನ್ನೆ ಡೇಟಾ ಸೆಂಟರ್‌ನಲ್ಲಿದ್ದ ವಿಳಾಸ ಇಂದು ಯಾರದೋ ಮನೆಯ ರೌಟರ್‌ನಲ್ಲಿರಬಹುದು, ಪಟ್ಟಿ ಮಾತ್ರ ಹಳೆಯದೇ ಇರುತ್ತದೆ. ಅಂಥವರು ಇಂಟರ್‌ನೆಟ್ ಕಂಪನಿಗೆ ಹೇಳಿ ವಿಳಾಸ ಬದಲಾಯಿಸಿಕೊಳ್ಳುವುದು ಬಿಟ್ಟರೆ ಬೇರೆ ಸುಲಭ ದಾರಿ ಇಲ್ಲ.

ಈಗ ಪರಿಹಾರ. ನಿಮ್ಮ ರೌಟರ್‌ನಲ್ಲಿ ಪಾಲಿಸಿ ರೌಟಿಂಗ್ ಎಂಬ ಆಯ್ಕೆ ಇದೆಯೇ ನೋಡಿ, ಕೆಲವದರಲ್ಲಿ ವಿಪಿಎನ್ ಡೈರೆಕ್ಟರ್ ಎಂದೋ ಸ್ಪ್ಲಿಟ್ ಟನಲಿಂಗ್ ಎಂದೋ ಇರುತ್ತದೆ. ಮೊದಲು ಟಿವಿಗೆ ಒಂದು ಸ್ಥಿರ ಒಳವಿಳಾಸ ಕಟ್ಟಿ. ಆಮೇಲೆ ಆ ವಿಳಾಸದಿಂದ ಬರುವುದೆಲ್ಲ ವಿಪಿಎನ್ ಬಿಟ್ಟು ನೇರವಾಗಿ ಹೊರಗೆ ಹೋಗಲಿ ಎಂದು ನಿಯಮ ಬರೆಯಿರಿ. ಲ್ಯಾಪ್‌ಟಾಪು, ಫೋನು ಎಂದಿನಂತೆ ಸುರಂಗದೊಳಗೇ ಇರುತ್ತವೆ. ಕಿಲ್ ಸ್ವಿಚ್ (ವಿಪಿಎನ್ ಕಡಿದರೆ ಇಂಟರ್‌ನೆಟ್ಟನ್ನೇ ನಿಲ್ಲಿಸುವ ಆಯ್ಕೆ) ಆನ್ ಇದ್ದರೆ ಕೆಲವು ರೌಟರ್‌ಗಳಲ್ಲಿ ಅದು ಟಿವಿಯನ್ನೂ ಸೇರಿಸಿ ಕತ್ತರಿಸುತ್ತದೆ, ಅದನ್ನೊಮ್ಮೆ ಗಮನಿಸಿ.

ಹೀಗೆ ಮಾಡಿದರೆ ನಿಮ್ಮ ಮನೆಯಲ್ಲಿ ಯಾವ ಸೇವೆ ನೋಡುತ್ತಾರೆ ಎಂಬುದು ಇಂಟರ್‌ನೆಟ್ ಕಂಪನಿಗೆ ತಿಳಿಯುತ್ತದೆ, ನಿಜ. ಯಾವ ಕಂತು ಎಂಬುದು ತಿಳಿಯದು, ಆ ಸಂಪರ್ಕವೇ ಎನ್‌ಕ್ರಿಪ್ಟ್ ಆಗಿರುತ್ತದೆ. ಖಾಸಗಿತನದ ಚಿಂತೆ ಇರುವುದರಿಂದ ಒಂದು ಮಾತು: ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಸಿಆರ್ ಎಂಬುದನ್ನು ಹುಡುಕಿ ಆಫ್ ಮಾಡಿ. ಪರದೆಯ ಮೇಲೆ ಏನು ಓಡುತ್ತಿದೆ ಎಂದು ಗುರುತಿಸಿ ಟಿವಿಯೇ ತನ್ನ ಕಂಪನಿಗೆ ವರದಿ ಮಾಡುವ ವ್ಯವಸ್ಥೆ ಅದು. ಒಪ್ಪಿಗೆ ಕೇಳದೆ ಇದನ್ನು ನಡೆಸಿದ್ದಕ್ಕೆ 2017ರಲ್ಲಿ ವಿಜಿಯೋ ಕಂಪನಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಇದಕ್ಕೆ ಯಾವ ವಿಪಿಎನ್ ಕೂಡ ಅಡ್ಡ ಬರುವುದಿಲ್ಲ.

ಪರದೆಹಿಂದೆ:

ತಂತಿಕೆಲಸ ಅವರು ಹೇಗೆ ಎಂಬುದನ್ನು ಹೇಳಿದರು. ಯಾಕೆ ಎಂಬುದನ್ನು ನಾನು ಹೇಳುತ್ತೇನೆ, ಸಿನಿಮಾ ಹಕ್ಕುಗಳ ಕರಾರು ಪತ್ರ ಓದುವುದು ನನ್ನ ಕೆಲಸ.

ಒಂದು ಚಿತ್ರದ ಹಕ್ಕು ಪ್ರಪಂಚಕ್ಕೆಲ್ಲ ಒಟ್ಟಿಗೆ ಮಾರಾಟವಾಗುವುದು ಕಡಿಮೆ. ಈ ದೇಶಕ್ಕೆ ಒಬ್ಬರು, ಆ ದೇಶಕ್ಕೆ ಇನ್ನೊಬ್ಬರು. ಎಷ್ಟೋ ಚಿತ್ರಗಳು ಶೂಟಿಂಗ್‌ಗೆ ಮೊದಲೇ ದೇಶವಾರು ಹಕ್ಕು ಮಾರಿ ಆ ದುಡ್ಡಿನಲ್ಲೇ ತಯಾರಾಗುತ್ತವೆ. ಕೊಂಡವರು ಬೆಲೆ ಕೊಡುವುದೇ ತಮ್ಮ ದೇಶದಲ್ಲಿ ಬೇರೆ ಯಾರೂ ತೋರಿಸುವಂತಿಲ್ಲ ಎಂಬ ಭರವಸೆಗೆ. ಹಾಗಾಗಿ ಸ್ಟ್ರೀಮಿಂಗ್ ಸೇವೆ ಸಹಿ ಹಾಕುವ ಕರಾರಿನಲ್ಲಿ ಗಡಿಯಾಚೆಯವರನ್ನು ತಡೆಯಬೇಕು ಎಂಬ ಷರತ್ತು ಇದ್ದೇ ಇರುತ್ತದೆ. 2014ರಲ್ಲಿ ಸೋನಿ ಪಿಕ್ಚರ್ಸ್‌ನ ಇಮೇಲ್‌ಗಳು ಸೋರಿಹೋದಾಗ, ನೆಟ್‌ಫ್ಲಿಕ್ಸ್ ಈ ವಿಪಿಎನ್‌ನವರನ್ನು ಸರಿಯಾಗಿ ತಡೆಯುತ್ತಿಲ್ಲ ಎಂದು ಅಲ್ಲಿನ ಅಧಿಕಾರಿಗಳು ದೂರುತ್ತಿದ್ದದ್ದು ಬಯಲಾಯಿತು. 2016ರ ಜನವರಿ 6ರಂದು ನೆಟ್‌ಫ್ಲಿಕ್ಸ್ ಒಂದೇ ದಿನ 130 ದೇಶಗಳಿಗೆ ಕಾಲಿಟ್ಟಿತು. ಅದಾಗಿ ಎಂಟೇ ದಿನಕ್ಕೆ, ಪ್ರಾಕ್ಸಿ ಬಳಸುವವರನ್ನು ಇನ್ನು ಮುಂದೆ ತಡೆಯುತ್ತೇವೆ ಎಂದು ಪ್ರಕಟಿಸಿತು. ಎಲ್ಲ ಕಡೆ ಒಂದೇ ಸಿನಿಮಾ ಪಟ್ಟಿ ಕೊಡುವುದು ನಮ್ಮ ಗುರಿ, ಆದರೆ ಹಕ್ಕುಗಳು ಇನ್ನೂ ದೇಶವಾರು ಇವೆ ಎಂಬುದು ಅವರ ಸಮಜಾಯಿಷಿ. ಅಮೆರಿಕದ ಸ್ಟ್ರೀಮಿಂಗ್ ಸೇವೆ ಹುಲು ಅದಕ್ಕೂ ಮೊದಲೇ, 2014ರಲ್ಲಿ, ತಡೆ ಶುರು ಮಾಡಿತ್ತು.

ವಿಪಿಎನ್ ಗುರುತಿಸಿದಾಗ ನೆಟ್‌ಫ್ಲಿಕ್ಸ್ ಕೆಲವೊಮ್ಮೆ ಪೂರ್ತಿ ನಿಲ್ಲಿಸುವುದಿಲ್ಲ. ಪ್ರಪಂಚಕ್ಕೆಲ್ಲ ತನ್ನ ಹತ್ತಿರವೇ ಹಕ್ಕಿರುವ ಚಿತ್ರ, ಸರಣಿಗಳನ್ನು ಮಾತ್ರ ತೋರಿಸುತ್ತದೆ. ಹಕ್ಕು ಪೂರ್ತಿ ಕೈಯಲ್ಲಿದ್ದಾಗ ನೋಡುಗರು ಎಲ್ಲಿದ್ದಾರೆ ಎಂಬ ಪ್ರಶ್ನೆಯೇ ಏಳುವುದಿಲ್ಲ ನೋಡಿ. ಜಾಹೀರಾತು ಇರುವ ಪ್ಲಾನ್‌ನಲ್ಲಿ, ಲೈವ್ ಕಾರ್ಯಕ್ರಮಗಳಲ್ಲಿ ಮಾತ್ರ ವಿಪಿಎನ್‌ಗೆ ಅವಕಾಶವೇ ಇಲ್ಲ.

ಬೆಲೆಯ ವಿಷಯವೂ ಇದೆ. ಚಂದಾ ದರ ದೇಶದಿಂದ ದೇಶಕ್ಕೆ ಬೇರೆ. ವಿಪಿಎನ್ ಹಾಕಿ ಅಗ್ಗದ ದೇಶದಿಂದ ಯೂಟ್ಯೂಬ್ ಪ್ರೀಮಿಯಂ ಕೊಂಡಿದ್ದವರ ಚಂದಾಗಳನ್ನು 2024ರಲ್ಲಿ ರದ್ದು ಮಾಡಲು ಶುರು ಮಾಡಿದರು.

ಕಿರುದಾರಿ:

ಇದಕ್ಕೆಲ್ಲ ಉತ್ತರ ರೆಸಿಡೆನ್ಶಿಯಲ್ ಐಪಿ. ಡೇಟಾ ಸೆಂಟರ್ ವಿಳಾಸದ ಬದಲು ಯಾರದೋ ಮನೆಯ ವಿಳಾಸದಿಂದ ಹೊರಗೆ ಹೋದರೆ ಪಟ್ಟಿಯಲ್ಲಿ ಸಿಗೋದೇ ಇಲ್ಲ. ಉಚಿತವಾಗಿ ಕೊಡೋ ಎಕ್ಸ್‌ಟೆನ್ಶನ್‌ಗಳೂ ಇವೆ. ನಾನೂ ಅದಕ್ಕೇ ಬದಲಾಯಿಸೋಣ ಅಂತಿದ್ದೀನಿ.

ತಂತಿಕೆಲಸ:

ಕಿರುದಾರಿ ಅವರೇ, ದಯವಿಟ್ಟು ಇದನ್ನು ಓದಿ ಆಮೇಲೆ ನಿರ್ಧರಿಸಿ. ಆ ಮನೆ ಯಾರದು, ಅವರು ಒಪ್ಪಿದ್ದಾರಾ ಎಂದು ಕೇಳಿದ್ದೀರಾ? ಹೋಲಾ ಎಂಬ ಉಚಿತ ವಿಪಿಎನ್ ಕೋಟ್ಯಂತರ ಜನರ ಬ್ರೌಸರ್‌ನಲ್ಲಿತ್ತು. ಅದರ ಉಚಿತ ಬಳಕೆದಾರರ ಸಂಪರ್ಕವನ್ನೇ ಲುಮಿನಾಟಿ ಎಂಬ ಹೆಸರಿನಲ್ಲಿ ಹಣಕ್ಕೆ ಮಾರುತ್ತಿದ್ದಾರೆ ಎಂಬುದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅಂದರೆ ನೀವು ಬೇರೊಬ್ಬರ ಮನೆಯಿಂದ ಸಿನಿಮಾ ನೋಡುವಾಗ, ಇನ್ಯಾರೋ ನಿಮ್ಮ ಮನೆಯ ವಿಳಾಸದಿಂದ ಏನನ್ನೋ ಮಾಡುತ್ತಿರಬಹುದು. ಅದು ಸಿನಿಮಾನೇ ಆಗಿರಬೇಕು ಅಂತೇನಿಲ್ಲ. ನಾಳೆ ವಿಚಾರಣೆಗೆ ಬಂದರೆ ದಾಖಲೆಯಲ್ಲಿ ಇರುವುದು ನಿಮ್ಮ ವಿಳಾಸ. ಒಂದು ಸಿನಿಮಾಗೋಸ್ಕರ ಅಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳಬೇಡಿ.

ಅಕ್ಕಪಕ್ಕದವರಿಗೂ ತೊಂದರೆ ತಪ್ಪದು. 2021ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್ ಇಂಥ ಮನೆ ವಿಳಾಸಗಳ ಮೇಲೂ ಕೈಯಿಟ್ಟಾಗ, ಯಾವ ವಿಪಿಎನ್ ಇಲ್ಲದವರಿಗೂ ಅರ್ಧ ಸಿನಿಮಾ ಪಟ್ಟಿ ಮಾಯವಾಯಿತು ಎಂಬ ದೂರುಗಳು ಬಂದವು. ಒಂದೇ ಹೊರವಿಳಾಸವನ್ನು ಹಲವಾರು ಮನೆಗಳು ಹಂಚಿಕೊಳ್ಳುವ ಸಿಜಿನ್ಯಾಟ್ ವ್ಯವಸ್ಥೆ ಇರುವಲ್ಲಿ ಒಬ್ಬರು ಪ್ರಾಕ್ಸಿ ನಡೆಸಿದರೆ ಆ ವಿಳಾಸದ ಎಲ್ಲರೂ ತಡೆಯ ಪಟ್ಟಿ ಸೇರುತ್ತಾರೆ.

ಪರದೆಹಿಂದೆ ಮೇಡಂ, ಕರಾರಿನ ಮಾತು ಒಪ್ಪುತ್ತೇನೆ. ದುಡ್ಡು ಹಾಕಿದವರು ತಮ್ಮ ಹಕ್ಕು ಕಾಯ್ದುಕೊಳ್ಳಲಿ. ಆದರೆ ದೇಶ ಯಾವುದು ಎಂದು ತಿಳಿಯಲು ಐಪಿ ವಿಳಾಸವೇ ಆಗಬೇಕೆಂದಿಲ್ಲವಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2018ರ ಏಪ್ರಿಲ್ 1ರಿಂದ ಒಂದು ನಿಯಮ ಜಾರಿಯಲ್ಲಿದೆ. ಹಣ ಕೊಟ್ಟು ಚಂದಾದಾರರಾದವರು ಒಕ್ಕೂಟದ ಇನ್ನೊಂದು ದೇಶಕ್ಕೆ ತಾತ್ಕಾಲಿಕವಾಗಿ ಹೋದರೂ ತಮ್ಮ ದೇಶದ ಸಿನಿಮಾ ಪಟ್ಟಿಯನ್ನೇ ನೋಡಬಹುದು. ಅವರ ವಾಸ ಎಲ್ಲಿ ಎಂಬುದನ್ನು ಸೇವೆಯವರು ಪಾವತಿ ವಿವರ, ಗುರುತಿನ ಚೀಟಿ, ಬಿಲ್ಲಿನ ವಿಳಾಸ ಇಂಥವುಗಳಿಂದ ಖಚಿತಪಡಿಸಿಕೊಳ್ಳುತ್ತಾರೆ. ಅಂದರೆ ಖಾತೆಯ ದೇಶವನ್ನು ನೆಚ್ಚಿ ಹಕ್ಕು ಕಾಯುವುದು ಆಗುವ ಕೆಲಸ, ನಡೆಯುತ್ತಲೂ ಇದೆ. ತಿಂಗಳು ತಿಂಗಳು ಅದೇ ದೇಶದ ಕಾರ್ಡಿನಿಂದ ದುಡ್ಡು ಕಟ್ಟುವ, ಅದೇ ದೇಶದ ವಿಪಿಎನ್ ಸರ್ವರ್‌ನಿಂದ ಬರುವ ಸಂಜೆಪಾಳಿಯವರನ್ನು ಹೊರಗೆ ನಿಲ್ಲಿಸುವುದರಿಂದ ಯಾವ ನಿರ್ಮಾಪಕರಿಗೂ ನಯಾಪೈಸೆ ಲಾಭವಿಲ್ಲ.

ಪರದೆಹಿಂದೆ:

ಅದನ್ನು ನಾನೂ ಒಪ್ಪುತ್ತೇನೆ ಸರ್. ಖಾತೆಯ ದೇಶ ಸಾಕು ಎಂದು ಹಕ್ಕು ಮಾರುವವರು ಕರಾರಿನಲ್ಲೇ ಬರೆದುಕೊಟ್ಟರೆ ಸೇವೆಯವರು ತಡೆ ಸಡಿಲಿಸಬಹುದು. ಯುರೋಪಿನಲ್ಲಿ ಅದು ಕಾನೂನಿನಿಂದಲೇ ಬಂತು, ತಾವಾಗಿ ಯಾರೂ ಬಿಟ್ಟುಕೊಡಲಿಲ್ಲ.

ಸಂಜೆಪಾಳಿ:

ತಂತಿಕೆಲಸ ಸರ್, ನೀವು ಹೇಳಿದಂತೆ ಟಿವಿಗೆ ಸ್ಥಿರ ವಿಳಾಸ ಕಟ್ಟಿ ನೇರ ದಾರಿ ಕೊಟ್ಟೆ. ಪ್ರಾಕ್ಸಿ ಸಂದೇಶ ಹೋಯಿತು, ಅಮ್ಮನ ಕಂತು ಬಂತು. ತುಂಬಾ ಧನ್ಯವಾದ. ಎಸಿಆರ್ ಕೂಡ ಮೆನುವಿನ ಆಳದಲ್ಲಿ ಬೇರೆ ಹೆಸರಿನಲ್ಲಿ ಸಿಕ್ಕಿತು, ಆಫ್ ಮಾಡಿದೆ.

ಒಂದು ಸಣ್ಣ ತೊಂದರೆ ಉಳಿದಿದೆ. ಚಿತ್ರ ಶುರುವಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಮಧ್ಯೆ ಮಧ್ಯೆ ಮಸುಕಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ವೇಗ ಅಳೆದರೆ ಚೆನ್ನಾಗಿಯೇ ಇದೆ.

ತಂತಿಕೆಲಸ:

ಟಿವಿಯ ಡಿಎನ್‌ಎಸ್ ಇನ್ನೂ ವಿಪಿಎನ್ ಒಳಗೇ ಹೋಗುತ್ತಿರಬೇಕು. ವಿಡಿಯೋ ಬರುವುದು ನಿಮಗೆ ಹತ್ತಿರದ ಸರ್ವರ್‌ನಿಂದ. ಯಾವುದು ಹತ್ತಿರ ಎಂದು ಅನೇಕ ಸೇವೆಗಳು ಲೆಕ್ಕ ಹಾಕುವುದು ಡಿಎನ್‌ಎಸ್ ಪ್ರಶ್ನೆ ಎಲ್ಲಿಂದ ಬಂತು ಎಂಬುದರ ಮೇಲೆ. ಪ್ರಶ್ನೆ ವಿಪಿಎನ್‌ನಿಂದ ಹೋದರೆ ದೂರದ ಸರ್ವರ್ ಕೊಟ್ಟುಬಿಡುತ್ತಾರೆ. ರೌಟರ್‌ನಲ್ಲಿ ಆ ಟಿವಿಗೆ ಮಾತ್ರ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್ ಕೊಡಿ. ರೌಟರ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೇ ಕೈಯಾರೆ ಹಾಕಬಹುದು. ಹಾಕಿದ ಮೇಲೆ ಟಿವಿಯನ್ನು ಸ್ವಿಚ್ ಬೋರ್ಡಿನಲ್ಲೇ ಆರಿಸಿ ಮತ್ತೆ ಹಚ್ಚಿ, ರಿಮೋಟಿನಲ್ಲಿ ಆರಿಸಿದರೆ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡಿರುತ್ತದೆ.