ಅಪ್‌ಡೇಟ್: ಡಿಸ್ಕ್‌ಗೆ ವಯಸ್ಸಿನ ಸರ್ಟಿಫಿಕೇಟ್ ಸಿಕ್ಕಿತು

ಬ್ರಿಟನ್ನಿನ ಥಿಯೇಟರ್‌ಗಳಿಗೆ ಪಿಜಿ (ಎಲ್ಲರೂ ನೋಡಬಹುದು, ಆದರೆ ಕೆಲವು ದೃಶ್ಯ ಚಿಕ್ಕ ಮಕ್ಕಳಿಗೆ ಸರಿಹೋಗದಿರಬಹುದು ಅನ್ನುವ ಸರ್ಟಿಫಿಕೇಟ್) ಸಿಕ್ಕಿದ್ದ ನಮ್ಮ ಚಿಕ್ಕ ಸಿನಿಮಾವನ್ನು ಡಿವಿಡಿಯಾಗಿ ತರಲು, ಅಲ್ಲಿ ಸಿನಿಮಾಗಳಿಗೆ ವಯಸ್ಸಿನ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಬಿಬಿಎಫ್‌ಸಿಗೆ ಮತ್ತೆ ಕಳಿಸಬೇಕಾ ಅಂತ ಕೇಳಿದ್ದೆ. ಹೌದು, ಕಳಿಸಲೇಬೇಕು. ಅಲ್ಲಿ 1984ರ ವಿಡಿಯೋ ರೆಕಾರ್ಡಿಂಗ್ಸ್ ಕಾಯ್ದೆ ಡಿಸ್ಕ್‌ಗೆ ಬೇರೆಯಾಗಿಯೇ ಅನ್ವಯಿಸುತ್ತದೆ.

ನನಗೆ ತಲೆನೋವಾಗಿದ್ದು ಸಿನಿಮಾ ಅಲ್ಲ, ಅದರ ಜೊತೆಗಿನ ಎಕ್ಸ್‌ಟ್ರಾಗಳು. ಕತ್ತರಿಸಿದ ದೃಶ್ಯ, ಟ್ರೇಲರ್ ಎಲ್ಲವನ್ನೂ ಅವರು ನೋಡುತ್ತಾರೆ. ನಮ್ಮದೊಂದು ದೃಶ್ಯ ಎರಡೇ ನಿಮಿಷದ್ದು. ಅಣ್ಣ ಬಾಗಿಲು ಬಡಿಯುತ್ತಾ ಒಂದು ಕೆಟ್ಟ ಬೈಗುಳ ಬೈಯುತ್ತಾನೆ. ಅಷ್ಟೇ! ಆದರೆ ಪಿಜಿಯಲ್ಲಿ ಆ ಮಾತಿಗೆ ಜಾಗವಿಲ್ಲ. ಡಿಸ್ಕ್‌ನಲ್ಲಿರುವುದರಲ್ಲಿ ಯಾವುದಕ್ಕೆ ಹೆಚ್ಚಿನ ವಯಸ್ಸೋ, ಕವರ್ ಮೇಲೆ ಅದೇ ಬರುತ್ತದೆ. ಮಕ್ಕಳ ಜೊತೆ ಕೂತು ನೋಡಲಿ ಅಂತ ಮಾಡಿದ ಸಿನಿಮಾ, ಆ ಒಂದು ಮಾತಿಗೋಸ್ಕರ 12 (12 ವರ್ಷ ತುಂಬಿದವರಿಗೆ ಮಾತ್ರ) ಆಗುವುದು ನನಗೆ ಬೇಡವಾಗಿತ್ತು. ದೃಶ್ಯ ತುಂಬಾ ಇಷ್ಟ, ಆದರೂ ತೆಗೆದೆ. ಪಿಜಿ ಉಳಿಯಿತು.

ಇನ್ನೊಂದು ವಿಷಯ. 12ಎ (12 ತುಂಬದ ಮಕ್ಕಳು ದೊಡ್ಡವರ ಜೊತೆ ಬಂದರೆ ನೋಡಬಹುದು) ಇರುವುದು ಥಿಯೇಟರ್‌ಗೆ ಮಾತ್ರ, ಡಿಸ್ಕ್‌ಗೆ ಬರೀ 12. ಕವರ್ ಡಿಸೈನ್ ಮಾಡುವವರಿಗೆ ಇದನ್ನು ಮೊದಲೇ ಹೇಳಿಬಿಡಿ. ಗುರುತು ಡಿಸ್ಕ್ ಮೇಲೂ ಇರಬೇಕು. ಸರ್ಟಿಫಿಕೇಟ್ ಕೈಗೆ ಬರುವ ತನಕ ಪ್ರಿಂಟ್‌ಗೆ ಕೊಡಬೇಡಿ.

ಎಕ್ಸ್‌ಟ್ರಾಗಳನ್ನು ಇನ್ನೊಮ್ಮೆ ಕೂತು ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಆ ಬೈಗುಳ ನನ್ನ ಕಣ್ಣಿಗೆ ಬಿದ್ದಿದ್ದೇ ಆಗ.