ಸಹಾಯ ಬೇಕು: ಪಾಟಾ ಹಾಕಿಸಿದ ಮ್ಯಾಲೆ ಗಾಡಿ ಬಲಕ್ಕೆ ವಾಲೈತೆ

ಅಣ್ಣಾರೆ, ನಮಸ್ಕಾರ. ಸಿರುಗುಪ್ಪದ ಕಡೆಯವ ನಾನು, ಪಿಕಪ್‌ನಾಗೆ ಭತ್ತದ ಚೀಲ ಸಾಗಿಸ್ತೀನಿ. ಲೋಡ್ ಹಾಕಿದ್ರೆ ಆಕ್ಸಲ್ ಚಾಸಿಗೆ ಬಡೀತಿತ್ತು. ಅದಕ್ಕೆ ಹೋದ ತಿಂಗಳು ಹಿಂದಿನ ಎರಡೂ ಚಕ್ರದ ಕಡೆ ಒಂದೊಂದು ಪಾಟಾ (ಭಾರ ಹೊರೋ ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಹೆಚ್ಚಿಗೆ ಹಾಕಿಸಿದೆ. ಎಡಗಡೆ 2 ಇಂಚು ಎದ್ದೈತೆ, ಬಲಗಡೆ ಮುಕ್ಕಾಲು ಇಂಚು ಅಷ್ಟೇ.

ಖಾಲಿ ಗಾಡಿ ರೈಸ್ ಮಿಲ್ಲಿನ ಕಾಂಕ್ರೀಟ್ ನೆಲದ ಮ್ಯಾಲೆ ನಿಲ್ಲಿಸಿ, ಎರಡೂ ಟೈರಿಗೆ ಸಮ ಗಾಳಿ ಹಿಡಿಸಿ, ಹಬ್ಬಿನ ನಡುವಿನಿಂದ ಬಾಡಿ ಅಂಚಿನ ತನಕ ಟೇಪು ಹಿಡಿದು ಅಳೆದೀನಿ. ಕಣ್ಣಂದಾಜು ಅಲ್ಲ.

ಪಾಟಾ ಕೂರಿಸುವಾಗ ಗಾಡಿ ಜಾಕಿನ ಮ್ಯಾಲೆ ಇದ್ದಾಗಲೇ ಶಾಕಲ್ ಬೋಲ್ಟ್ (ಪಾಟಾದ ತುದಿ ಚಾಸಿಗೆ ಹಿಡಿಯೋ ಬೋಲ್ಟ್) ಬಿಗಿ ಮಾಡಿದ್ರು. ಆ ಬೋಲ್ಟಿನ ಸುತ್ತ ಇರೋ ರಬ್ಬರ್ ಬುಷ್ ತಿರುಚಿಕೊಂಡೈತೇನೋ ಅಂತ ನಿನ್ನೆ ಗಾಡಿ ನೆಲದ ಮ್ಯಾಲಿಟ್ಟು, ಬೋಲ್ಟ್ ಸಡಿಲಿಸಿ, ಹಿಂದೆ ನಾಲ್ಕು ಜನ ಹತ್ತಿ ಕುಲುಕಿ ಮತ್ತೆ ಬಿಗಿದ್ವಿ. ಕಾಲಿಂಚು ಸರಿ ಆತು, ಇನ್ನೂ 1 ಇಂಚು ವ್ಯತ್ಯಾಸ ಉಳದೈತೆ. ಪಾಟಾನ ಆಕ್ಸಲ್‌ಗೆ ಕಟ್ಟೋ ಯು-ಬೋಲ್ಟ್ ಬಿಗಿ ಐತೆ, ಪಾಟಾಗಳನ್ನ ನಡುವೆ ಒಟ್ಟಿಗೆ ಹಿಡಿಯೋ ಸೆಂಟರ್ ಬೋಲ್ಟ್ ತೂತಿನಾಗೆ ಸರಿಯಾಗಿ ಕೂತೈತೆ.

ಮೇಸ್ತ್ರಿ ಬಲಕ್ಕೆ ಇನ್ನೊಂದು ಪಾಟಾ ಹಾಕೋಣ ಅಂತಾನೆ. ನಂಗೆ ಒಪ್ಪಿಗೆ ಇಲ್ಲ. ಕಾರಣ ತಿಳಿಯದೆ ಒಂದೇ ಕಡೆ ಗಟ್ಟಿ ಮಾಡಿದ್ರೆ ಲೋಡ್ ಇದ್ದಾಗ ಎಡಕ್ಕೆ ವಾಲಲ್ಲೇನು? ಕಾಲುವೆ ಏರಿ ಮ್ಯಾಲೆ ಚೀಲ ಹೇರಿಕೊಂಡು ಹೋಗೋನಿಗೆ ಅದು ಜೀವದ ಮಾತು.

ಎಡದ ಪಾಟಾ ಸೆಟ್ ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿ ನೋಡೋಣ ಅಂತಿದೀನಿ. ವಾಲೋದು ಎಡಕ್ಕೆ ಹೋದ್ರೆ ಪಾಟಾದ್ದೇ ತಪ್ಪು, ಬಲಕ್ಕೇ ಉಳಿದ್ರೆ ಚಾಸಿ ಇಲ್ಲಾ ಮುಂದಿನ ಸ್ಪ್ರಿಂಗ್ ನೋಡಬೇಕು. ಹಂಗೆ ಮಾಡಿದವರು ಯಾರಾದ್ರೂ ಇದೀರಾ? ಹಳೇ ಪಾಟಾಕ್ಕೆ ಮತ್ತೆ ಕಮಾನು ಹೊಡೆಸಿದ್ರೆ (ಮೊದಲಿನಂಗೆ ಬಾಗಿಸಿದ್ರೆ) ತಡೀತೈತಾ? ಬಳ್ಳಾರಿ, ಸಿಂಧನೂರು ಕಡೆ ಈ ಕೆಲಸ ಬಲ್ಲವರು ಇದ್ರೆ ತಿಳಿಸ್ರಿ. ಕೊಯ್ಲಿಗೆ 15 ದಿನ ಐತೆ.